ಸಾಣೆ ಚಕ್ರದ ಬೆಳಕು

"ಬುದ್ಧಿ, ಆ ನಡುವಿನ ಚುಕ್ಕಿ ಯಾವ ಪುಣ್ಯ ಮಾಡಿತ್ತು?" ಎಂದು ಕರಿಬಸವ ಕೇಳಿದ.

ಕಾರ್ತಿಕದ ಸಂಜೆ. ಉತ್ತರದ ಕಡೆ ಐದು ಚುಕ್ಕಿಗಳು ಸೊಟ್ಟ ಸಾಲಿನಲ್ಲಿ ಮೂಡಿದ್ದವು. ಹೋದ ವರ್ಷ ನಡುವಿನ ಚುಕ್ಕಿಯನ್ನು ಯಾರೂ ಬೆರಳು ಮಾಡಿ ತೋರಿಸುತ್ತಿರಲಿಲ್ಲ. ಈ ವರ್ಷ ಅದು ಉಳಿದ ನಾಲ್ಕನ್ನೂ ಹಿಂದೆ ಹಾಕಿ ಬೆಳಗುತ್ತಿತ್ತು. ದನ ಕಾಯುವವರಿಂದ ಹಿಡಿದು ಪಂಚಾಂಗ ಓದುವವರವರೆಗೆ ಎಲ್ಲರ ಬಾಯಲ್ಲೂ ಅದರದೇ ಮಾತು.

ಗುರುಗಳು ಛತ್ರದ ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ಎಪ್ಪತ್ತು ದಾಟಿದ ಜೀವ. ಆಗ ತಾನೇ ಸಭೆ ಮುಗಿದಿತ್ತು. ಕೇಳಲು ಬಂದಿದ್ದ ಜನ ಇನ್ನೂ ಗುಂಪುಗುಂಪಾಗಿ ಬೀದಿಯಲ್ಲಿ ನಿಂತು, ಇಂಥ ಮಾತು ಹುಟ್ಟಿದಾಗಿನಿಂದ ಕೇಳಿರಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಅದು ಕರಿಬಸವನ ಕಿವಿಗೂ ಬೀಳುತ್ತಿತ್ತು. ಬಿದ್ದಷ್ಟೂ ಅವನಿಗೆ ಹಿತವಾಗುತ್ತಿತ್ತು.

ಕರಿಬಸವ ಮಠದಲ್ಲಿ ನೀರು ಹೊರುತ್ತ, ಒಲೆ ಊದುತ್ತ ದೊಡ್ಡವನಾದವನು. ಅವನು ಇದ್ದಾನೆ ಎಂಬುದೇ ಬಹಳ ಜನರಿಗೆ ಗೊತ್ತಿರಲಿಲ್ಲ. ಗುರುಗಳು ಗುಡ್ಡದ ಮೇಲಿನ ಆ ಸಣ್ಣ ಮಠದಲ್ಲಿ, ಬಂದವರಿಗೆ ನಾಲ್ಕು ಮಾತು ಹೇಳಿಕೊಂಡು ಇದ್ದರು. ಹೋದ ವರ್ಷ ಅವನೇ ಹಟ ಮಾಡಿ ಅವರನ್ನು ಗುಡ್ಡದಿಂದ ಇಳಿಸಿ ಒಂದು ಪೇಟೆಗೆ ಕರೆದುಕೊಂಡು ಬಂದ. ಅಲ್ಲಿ ಗುರುಗಳು ಮಾತಾಡಿದರು, ಜನ ಅತ್ತರು. ಅಲ್ಲಿಂದ ಊರಿನ ಮೇಲೆ ಊರು. ಯಾವ ದಿನ ಎಲ್ಲಿ, ಯಾರ ಮನೆಯಲ್ಲಿ ಇಳಿದುಕೊಳ್ಳುವುದು, ಯಾರ ಗಾಡಿ, ಎಲ್ಲವನ್ನೂ ಗೊತ್ತು ಮಾಡುವವನು ಕರಿಬಸವನೇ. ಈಗ ಗೌಡರು ಶಾನುಭೋಗರು ಎದ್ದು ಬಂದು "ಕರಿಬಸವಯ್ಯನವರೇ" ಎನ್ನುತ್ತಿದ್ದರು.

ಗುರುಗಳಿಗೆ ಎರಡು ತಿಂಗಳಿಂದ ಸಂಜೆಯಾದರೆ ಜ್ವರ ಬರುತ್ತಿತ್ತು. ಕೆಮ್ಮು ಹಿಡಿದರೆ ಬಿಡುತ್ತಿರಲಿಲ್ಲ. ದಾರಿಯಲ್ಲಿ ಒಬ್ಬ ಪಂಡಿತರು ನಾಡಿ ನೋಡಿ, ಇನ್ನು ಸಾಕು, ಇವರನ್ನು ಮಠಕ್ಕೆ ಕರೆದುಕೊಂಡು ಹೋಗಿ ಮಲಗಿಸಿ, ಇಲ್ಲದಿದ್ದರೆ ಕೈ ಮೀರುತ್ತದೆ ಎಂದು ಹೇಳಿದ್ದರು. ಕರಿಬಸವ ತಲೆಯಾಡಿಸಿದ್ದ. ಒಪ್ಪಿಕೊಂಡ ಊರುಗಳು ಮುಗಿಯಲಿ ಎಂದುಕೊಂಡಿದ್ದ. ಆದರೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದನ್ನು ಅವನೇ ಒಪ್ಪಿಕೊಳ್ಳುತ್ತಿದ್ದ. ಗುರುಗಳು ಒಂದು ದಿನವೂ ಒಲ್ಲೆ ಎನ್ನಲಿಲ್ಲ. ಜ್ವರ ಏರಿದ ದಿನ ಮಾತು ಇನ್ನೂ ಚೆನ್ನಾಗಿರುತ್ತಿತ್ತು. ಅದೂ ಕರಿಬಸವನಿಗೆ ಗೊತ್ತಾಗಿತ್ತು.

ಗುರುಗಳು ಕೆಮ್ಮು ನಿಲ್ಲುವವರೆಗೂ ಕಾದು ಬಿಸಿನೀರು ಕುಡಿದರು. ಪುಣ್ಯದ ವಿಷಯ ನನಗೆ ತಿಳಿಯದು ಮರಿ, ಒಬ್ಬ ಸಾಣೆಗಾರನ ಕತೆ ತಿಳಿದಿದೆ, ಕೂತುಕೋ, ಕಾಲು ಒತ್ತುವುದು ಆಮೇಲಾದರೂ ಆದೀತು ಎಂದರು. ಕರಿಬಸವ ಕೆಳಗಿನ ಮೆಟ್ಟಿಲ ಮೇಲೆ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ಸಾಣೆಗಾರನಿದ್ದ. ಊರೂರು ತಿರುಗಿ ಕುಡುಗೋಲು, ಕತ್ತರಿ, ಈಳಿಗೆಮಣೆ ಹರಿತ ಮಾಡಿಕೊಡುವುದು ಅವನ ಕಸುಬು. ಕೆಲಸದಲ್ಲಿ ಕೊಂಕು ತೆಗೆಯುವ ಹಾಗಿರಲಿಲ್ಲ. ಆದರೆ ಆಳು ಹೇಗಿದ್ದ ಎಂದು ಕೇಳಿದರೆ ಹೇಳಲು ಏನೂ ಇರಲಿಲ್ಲ. ಬಂದರೆ ಬಂದ, ಹೋದರೆ ಹೋದ. ಪ್ರತಿ ವರ್ಷ ಹೋಗುವ ಊರಿನಲ್ಲೇ, ಹೋದ ಸಲ ಬಂದವನು ನೀನೋ ಬೇರೆಯವನೋ ಎಂದು ಕೇಳುತ್ತಿದ್ದರು. ಅವನು ನಾನೇ ಎಂದು ನಗುತ್ತಿದ್ದ. ಒಳಗೆ ಅದು ಮುಳ್ಳು ಮುರಿದ ಹಾಗೆ ನೋಯುತ್ತಿತ್ತು. ಹೆಂಡತಿಗೆ ಮಾತ್ರ ಆ ನೋವು ಗೊತ್ತಿತ್ತು.

ಚಕ್ರ ಹೆಂಡತಿಯ ತವರಿನದು. ಅವಳ ತಂದೆ ಕಬ್ಬಿಣವನ್ನೂ ಸವೆಸುವ ಕುರುಂದದ ಕಲ್ಲು ಕುಟ್ಟಿ ಪುಡಿ ಮಾಡಿ, ಕರಗಿದ ಅರಗಿನಲ್ಲಿ ಕಲಸಿ, ಮೊರದಗಲದ ಚಕ್ರ ಮಾಡಿ ಬಳುವಳಿ ಕೊಟ್ಟಿದ್ದ. ಅದರ ಅಚ್ಚಿಗೆ ತೊಗಲಿನ ಬಾರು ಸುತ್ತಿರುತ್ತದೆ. ಒಬ್ಬರು ಎದುರು ಕೂತು, ಮಜ್ಜಿಗೆ ಕಡೆಯುವ ಹಾಗೆ, ಬಾರನ್ನು ಆ ಕೈಯಲ್ಲೊಮ್ಮೆ ಈ ಕೈಯಲ್ಲೊಮ್ಮೆ ಎಳೆಯಬೇಕು. ಇನ್ನೊಬ್ಬರು ಅಲಗನ್ನು ಚಕ್ರಕ್ಕೆ ಹಿಡಿಯಬೇಕು. ಅಲಗು ಹಿಡಿಯುವವನು ಗಂಡ. ಬಾರು ಎಳೆಯುವವಳು ಹೆಂಡತಿ. ನೋಡುವವರ ಕಣ್ಣು ಅಲಗಿನ ಮೇಲೆ ಇರುತ್ತದೆಯೇ ಹೊರತು ಬಾರಿನ ಮೇಲೆ ಇರುವುದಿಲ್ಲ. ಅದು ಲೋಕದ ರೀತಿ, ಅದಕ್ಕೆ ಅವಳು ಬೇಜಾರು ಮಾಡಿಕೊಂಡವಳಲ್ಲ.

ಅರಗಿನ ಸ್ವಭಾವ ನಿನಗೆ ಗೊತ್ತಲ್ಲ, ಬಿಸಿ ತಗುಲಿದರೆ ಹಿಡಿತ ಬಿಡುತ್ತದೆ. ಅದಕ್ಕೇ ಆ ಕಸುಬಿನವರಲ್ಲಿ ಒಂದು ಕಟ್ಟು ಇತ್ತು. ಒಂದೊಂದು ಅಲಗು ಮುಗಿದಾಗಲೂ ಬಾರು ಎಳೆಯುವವರು ಚಕ್ರದ ಅಂಚಿಗೆ ಅಂಗೈ ಇಡಬೇಕು. ಅಂಗೈ ತಾಳಿದರೆ ಮುಂದಿನ ಅಲಗು. ತಾಳದಿದ್ದರೆ ಬಾಯಿಬಿಟ್ಟು ಸಾಕು ಎನ್ನಬೇಕು. ಅವರು ಸಾಕು ಅಂದ ಮೇಲೆ ಅಲಗು ಹಿಡಿದವನು ತುಟಿ ಎರಡು ಮಾಡುವ ಹಾಗಿಲ್ಲ. ಚಕ್ರ ಆರುವವರೆಗೂ ದೊರೆಯ ಕತ್ತಿಯಾದರೂ ಕಾಯಬೇಕು. ಮಗಳನ್ನು ಕಳಿಸಿಕೊಡುವಾಗ ತಂದೆ ಇದನ್ನು ಅಳಿಯನ ಕೈ ಹಿಡಿದು ಹೇಳಿದ್ದ. ಅಳಿಯನೂ ಬಹಳ ಕಾಲ ಅದರಂತೆಯೇ ನಡೆದ. ಗಂಡಹೆಂಡತಿ ಚೆನ್ನಾಗಿದ್ದರು. ಅವನು ಕೆಟ್ಟವನು ಎಂದು ನೀನು ಈಗಲೇ ತೀರ್ಮಾನ ಮಾಡಿಕೊಂಡು ಕೂರಬೇಡ.

ಒಂದು ಸಂತೆಯ ದಿನ ಕೆಲಸ ಮುಗಿಯುವ ಮೊದಲೇ ಹೊತ್ತು ಮುಳುಗಿತು. ಒಬ್ಬನ ಹಾರೆ ಬಾಕಿ ಉಳಿದಿತ್ತು. ಬೇಗ ಆಗಲಿ ಎಂದು ಅವಳು ಬಾರನ್ನು ರಭಸವಾಗಿ ಎಳೆದಳು. ಅವನು ಹಾರೆಯನ್ನು ಒತ್ತಿ ಹಿಡಿದ. ಕಿಡಿ ಎದ್ದಿತು. ಹಗಲಲ್ಲೂ ಏಳುತ್ತದೆ, ಕಾಣುವುದಿಲ್ಲ ಅಷ್ಟೇ. ಕತ್ತಲಾಗುತ್ತಿದ್ದ ಆ ಹೊತ್ತಿನಲ್ಲಿ ಅದು ಚಕ್ರದ ಸುತ್ತ ಬಳೆಯ ಹಾಗೆ ನಿಂತಿತು. ಮನೆಗೆ ಹೊರಟಿದ್ದವರು ನಿಂತರು. ಯಾರೋ ಒಬ್ಬ ಭಲೆ ಎಂದ. ಸಾಣೆಗಾರ ತಲೆಯೆತ್ತಿದ. ಅವನ ಮುಖಕ್ಕೆ ಬೆಳಕು ಬಿದ್ದಿತ್ತು, ಅಷ್ಟೂ ಜನ ಆ ಮುಖವನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಅವನನ್ನು ಯಾರೂ ಹಾಗೆ ನೋಡಿರಲಿಲ್ಲ.

ಮುಂದಿನ ಊರಿನಲ್ಲಿ ಅವನು ಬೇಕೆಂದೇ ಕತ್ತಲಾಗಲು ಬಿಟ್ಟ. ಜೋರಾಗಿ ಎಳೆ ಎಂದ. ಅವಳು ಎಳೆದಳು. ಅಲ್ಲಿಯೂ ಜನ ಸೇರಿದರು. ಆಮೇಲೆ ಅದು ಹೆಸರಾಯಿತು. ಬೆಂಕಿಬಳೆಯವನು ಬಂದ ಎಂದು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರತೊಡಗಿದರು. ಹರಿತ ಮಾಡಿಸಲು ಬರುವವರು ಕಡಿಮೆಯಾದರು, ನೋಡಲು ಬರುವವರು ಹೆಚ್ಚಾದರು. ಅವನು ಹರಿತದ ಚಿಂತೆ ಬಿಟ್ಟ. ಗೋಣಿಚೀಲದ ತುಂಬ ತುಕ್ಕು ಕಬ್ಬಿಣ ಹೊತ್ತುಕೊಂಡು, ಅದನ್ನೇ ಚಕ್ರಕ್ಕೆ ಹಿಡಿಯುತ್ತ ಊರೂರು ಸುತ್ತಿದ.

ಇಲ್ಲಿ ಒಂದು ವಿಷಯವಿದೆ, ಮರಿ, ಗಮನ ಕೊಟ್ಟು ಕೇಳು. ಜನ ನೋಡಿ ಹಿಗ್ಗಿದ ಬೆಳಕು ಬರೀ ಕಬ್ಬಿಣದ್ದಲ್ಲ. ಚಕ್ರ ಅಳತೆ ಮೀರಿ ತಿರುಗಿದಾಗ ಕಾಯುತ್ತದೆ. ಕಾದಾಗ ಅರಗು ಕರಗಿ ಅಂಚು ಸಡಿಲವಾಗುತ್ತದೆ. ಸಡಿಲವಾದ ಅಂಚು ಉರಿದುಕೊಂಡು ಹಾರುತ್ತದೆ. ಅಂದರೆ ಚಕ್ರ ತನ್ನ ಮೈಯನ್ನೇ ಎಸೆಯುತ್ತಿತ್ತು. ಎಸೆದಷ್ಟೂ ಸಣ್ಣದಾಯಿತು. ಸಣ್ಣ ಚಕ್ರದಿಂದ ಅಷ್ಟೇ ಬೆಳಕು ಬರಬೇಕಾದರೆ ಇನ್ನೂ ಬೇಗ ತಿರುಗಿಸಬೇಕು. ಬೇಗ ತಿರುಗಿಸಿದರೆ ಇನ್ನೂ ಕಾಯುತ್ತದೆ, ಇನ್ನೂ ಸವೆಯುತ್ತದೆ. ಇದು ಶುರುವಾದರೆ ನಿಲ್ಲುವ ಬಾಬತ್ತಲ್ಲ. ಮೊರದಗಲ ಇದ್ದದ್ದು ನೋಡುನೋಡುತ್ತ ಊಟದ ತಟ್ಟೆಯಷ್ಟಾಯಿತು.

ಹಾಗಾದರೆ ಅವಳೇನು ಮಾಡುತ್ತಿದ್ದಳು? ಮೊದಮೊದಲು ಕಟ್ಟಿನ ಪ್ರಕಾರವೇ ನಡೆದಳು. ಒಂದು ಸಂಜೆ ಜನ ಕಿಕ್ಕಿರಿದಿದ್ದಾಗ ಅಂಗೈ ಇಟ್ಟು, ಸಾಕು ಅಂದಳು. ಅವನು ಮಾತಾಡದೆ ಕಬ್ಬಿಣ ಕೆಳಗಿಟ್ಟ. ಜನ ಸ್ವಲ್ಪ ಹೊತ್ತು ಕಾದು, ಇಷ್ಟೇನಾ ಎಂದು ಗೊಣಗಿಕೊಂಡು ಹೊರಟುಹೋದರು. ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. ಊಟ ಬೇಡ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವಳು ಅವನ ಬೆನ್ನು ನೋಡುತ್ತ ಕೂತಳು. ಬದುಕಿನಲ್ಲಿ ಅವನಿಗೆ ಸಿಕ್ಕಿದ್ದು ಅದೊಂದೇ ಸುಖ, ಅದನ್ನು ನನ್ನ ಕೈಯಾರೆ ಕಿತ್ತುಕೊಂಡೆನಲ್ಲ ಎನಿಸಿತು.

ಮಾರನೆಯ ದಿನದಿಂದ ಅವಳು ಸಾಕು ಎನ್ನಲಿಲ್ಲ. ಮೊದಲು ಅವನು, ಚಕ್ರ ಹೇಗಿದೆ ಎಂದು ಕೇಳುತ್ತಿದ್ದ. ತಣ್ಣಗಿದೆ ಎನ್ನುತ್ತಿದ್ದಳು. ಆಮೇಲೆ ಅವನು ಕೇಳುವುದನ್ನೇ ಬಿಟ್ಟ. ಬಿಸಿಯಾದರೆ ಅವಳೇ ಹೇಳುತ್ತಾಳೆ ಬಿಡು ಎಂದುಕೊಂಡ. ಅವಳ ರಟ್ಟೆ ಸೋತದ್ದು, ರಾತ್ರಿ ಮಗ್ಗುಲು ಬದಲಿಸುವಾಗ ನರಳಿದ್ದು ಅವನಿಗೆ ತಿಳಿಯದೆ ಇರಲಿಲ್ಲ. ಈ ಊರು ಮುಗಿಯಲಿ, ಒಂದು ತಿಂಗಳು ಎಲ್ಲೂ ಹೋಗುವುದು ಬೇಡ ಎನ್ನುತ್ತಿದ್ದ. ನಿಜವಾದ ಮನಸ್ಸಿನಿಂದಲೇ ಹಾಗೆ ಹೇಳುತ್ತಿದ್ದ. ಅಷ್ಟರಲ್ಲಿ ಇನ್ನೊಂದು ಊರಿನವರು ಕರೆಯಲು ಬರುತ್ತಿದ್ದರು.

ಕೊನೆಗೆ ಒಂದು ಕೋಟೆಯ ಊರಿನವರು ಕರೆಸಿದರು. ಅಷ್ಟು ಜನವನ್ನು ಅವನು ಒಂದೇ ಕಡೆ ಕಂಡಿರಲಿಲ್ಲ. ಕೋಟೆಯ ಬಾಗಿಲ ಮುಂದಿನ ಬಯಲು ತುಂಬಿತ್ತು, ಗೋಡೆಯ ಮೇಲೂ ಜನ ಹತ್ತಿ ಕೂತಿದ್ದರು. ಹೊತ್ತು ಮುಳುಗುತ್ತಲೇ ಅವನು ಕಬ್ಬಿಣ ಹಿಡಿದ. ಅವಳು ಎಳೆದಳು. ಜನ ಇನ್ನೂ ಎಂದರು. ಅವನೂ ಅವಳ ಕಡೆ ನೋಡದೆ, ಇನ್ನೂ ಎಂದ. ಅವಳು ಮೈಯಲ್ಲಿದ್ದ ಕಸುವನ್ನೆಲ್ಲ ಹಾಕಿ ಎಳೆದಳು. ಬೆಳಕಿನ ಬಳೆ ಹಿಗ್ಗುತ್ತ ಹೋಗಿ ಆಳೆತ್ತರ ಆಯಿತು. ಬಯಲಿನಲ್ಲಿ ಕೂತವರ ಮುಖಗಳೆಲ್ಲ ಹಗಲಿನಲ್ಲಿ ಕಂಡ ಹಾಗೆ ಕಂಡವು. ಆಗ ಚಕ್ರ ಒಡೆಯಿತು.

ಒಡೆದ ಚಕ್ರದ ಚೂರುಗಳು ಉರಿಯುತ್ತ ನಾಲ್ಕೂ ಕಡೆ ಚಿಮ್ಮಿದವು. ಅಂಥ ಬೆಳಕು ಅಲ್ಲಿಯವರೆಗೆ ಬಂದಿರಲಿಲ್ಲ. ಜನಕ್ಕೆ ಚಕ್ರ ಒಡೆಯಿತೆಂದು ತಿಳಿಯಲಿಲ್ಲ. ಅದೂ ಆಟದ ಒಂದು ಭಾಗವೆಂದು ತಿಳಿದು, ಎದ್ದು ನಿಂತು ಚಪ್ಪಾಳೆ ಹೊಡೆದರು. ಸಾಣೆಗಾರನಿಗೆ ಏನಾಯಿತೆಂದು ಗೊತ್ತಿತ್ತು. ಗೊತ್ತಿದ್ದೂ ಅವನು ಮೊದಲು ಜನಕ್ಕೆ ಕೈ ಮುಗಿದ. ಬಲಕ್ಕೆ ತಿರುಗಿ ಮುಗಿದ, ಎಡಕ್ಕೆ ತಿರುಗಿ ಮುಗಿದ. ಆಮೇಲೆ ಅವಳ ಕಡೆ ತಿರುಗಿದ.

ಅವಳು ಕೂತ ಹಾಗೆಯೇ ಇದ್ದಳು. ಬಾರು ಎರಡೂ ಕೈಯಲ್ಲಿತ್ತು. ಅಂಗೈಯಗಲದ ಒಂದು ಚೂರು ಎದೆಗೆ ಬಡಿದಿತ್ತು. ಅವನು ಹೆಸರು ಹಿಡಿದು ಕೂಗಿದ, ಭುಜ ಹಿಡಿದು ಅಲುಗಿಸಿದ. ಜೀವ ಹೋಗಿತ್ತು.

ಊರಿನ ಹೆಂಗಸರು ಬಂದು ಹೆಣಕ್ಕೆ ನೀರು ಹಾಕಿದರು. ಅವರಲ್ಲಿ ವಯಸ್ಸಾದ ಒಬ್ಬಾಕೆ ಹೊರಗೆ ಬಂದು, "ಇದೇನಪ್ಪಾ, ಈ ಮಗಳ ಕೈ ಹೀಗಿದೆ?" ಎಂದು ಅವನನ್ನು ಒಳಕ್ಕೆ ಕರೆದಳು. ಅವನು ಹೋಗಿ ನೋಡಿದ. ಬಲ ಅಂಗೈ ಪೂರ್ತಿ ಸುಟ್ಟಿತ್ತು. ಮಾಗಿದ ಗಾಯದ ಮೇಲೆ ಹಸಿ ಗಾಯ, ಅದರ ಮೇಲೆ ಆ ದಿನದ ಬೊಬ್ಬೆ. ಅಂಗೈ ಇಡುವ ಕಟ್ಟನ್ನು ಅವಳು ಮುರಿದಿರಲಿಲ್ಲ. ಪ್ರತಿ ಸಲವೂ ಅಂಗೈ ಇಟ್ಟು ನೋಡಿದ್ದಳು. ಪ್ರತಿ ಸಲವೂ ಕೈ ಸುಟ್ಟುಕೊಂಡಿದ್ದಳು. ಸಾಕು ಎನ್ನುವ ಮಾತೊಂದನ್ನು ಮಾತ್ರ ನುಂಗಿಕೊಂಡಿದ್ದಳು.

ದಿನವೂ ಆ ಕೈಯಿಂದಲೇ ಅವಳು ಅವನಿಗೆ ಅನ್ನ ಬಡಿಸಿದ್ದಳು. ಅವನು ಆ ಕೈಯನ್ನು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ. ಅಲ್ಲೇ ಕುಸಿದು ಕೂತು, ನನಗೆ ಒಂದು ಮಾತು ಹೇಳಬಾರದಿತ್ತೇನೇ ಎಂದು ಹೆಣವನ್ನು ಕೇಳಿ ಕೇಳಿ ಅತ್ತ. ಹೇಳಿದ ದಿನ ತಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು ನೆನಪಾಯಿತು. ಆಮೇಲೆ ಮತ್ತೆ ಹಾಗೆ ಕೇಳಲಿಲ್ಲ.

ಮುಂದೇನಾಯಿತು ಎಂದರೆ, ಏನೂ ಆಗಲಿಲ್ಲ. ಕೋಟೆಯ ಊರಿನವರು ಆ ಬೆಳಕನ್ನು ವರ್ಷಗಟ್ಟಲೆ ಹೊಗಳಿದರು. ನೋಡದೆ ಇದ್ದವರು ನೋಡಲಿಲ್ಲವಲ್ಲ ಎಂದು ಕೈ ಕೈ ಹಿಸುಕಿಕೊಂಡರು. ಸಾಣೆಗಾರ ಒಂದು ಚಪ್ಪಟೆ ಕಲ್ಲು ಇಟ್ಟುಕೊಂಡು, ನೀರು ಚಿಮುಕಿಸಿ, ಕೂತಲ್ಲೇ ಕುಡುಗೋಲು ಮಸೆಯುತ್ತ ಉಳಿದ ಆಯುಷ್ಯ ಕಳೆದ. ಬೆಂಕಿಬಳೆಯವನು ಈಗ ಎಲ್ಲಿದ್ದಾನೆ ಎಂದು ಜನ ಅವನನ್ನೇ ಕೇಳುತ್ತಿದ್ದರು. ಗೊತ್ತಿಲ್ಲ ಎನ್ನುತ್ತಿದ್ದ.

ಗುರುಗಳು ಹೇಳುವುದನ್ನು ನಿಲ್ಲಿಸಿ ಉಸಿರು ತೆಗೆದುಕೊಂಡರು. ಕತೆ ಹೇಳಿದ ಶ್ರಮಕ್ಕೆ ಎದೆ ಏರಿ ಇಳಿಯುತ್ತಿತ್ತು. ಬೀದಿಯಲ್ಲಿ ಜನ ಕರಗಿದ್ದರು. ಕರಿಬಸವನ ಕಣ್ಣು ತುಂಬಿತ್ತು. ಸಾಣೆಗಾರನ ಮೇಲೆ ಅವನಿಗೆ ತಡೆಯಲಾರದಷ್ಟು ಸಿಟ್ಟು ಬಂದಿತ್ತು. ಎದುರಿಗೇ ಕೂತವಳ ಮುಖ ನೋಡಲಿಲ್ಲವಲ್ಲ, ಎಂಥ ಕುರುಡ ಅವನು ಎಂದು ಬೈದ. ಗುರುಗಳು ಬೈಯಬೇಡ ಎಂದರು. ಅವನು ಅವಳನ್ನು ಪ್ರೀತಿಸುತ್ತಿದ್ದ, ಅದರಲ್ಲಿ ಸುಳ್ಳಿಲ್ಲ ಎಂದರು.

"ಹಾಗಾದರೆ ಅವಳಾದರೂ ಯಾಕೆ ಹೇಳಲಿಲ್ಲ, ಬುದ್ಧಿ?" ಎಂದು ಕರಿಬಸವ ಕೇಳಿದ.

"ಅವನ ಮುಖಕ್ಕೆ ಬೆಳಕು ಬಿದ್ದಿತ್ತಲ್ಲ, ಮರಿ. ಅದನ್ನು ನೋಡುತ್ತ ಕೂತವರಿಗೆ ಹೇಳಲು ಬಾಯಿ ಬರುವುದಿಲ್ಲ."

ಕರಿಬಸವನ ಕಣ್ಣು ಮತ್ತೆ ಉತ್ತರದ ಕಡೆ ಹೋಯಿತು. ನಡುವಿನ ಚುಕ್ಕಿ ಮೊದಲಿನಂತೆಯೇ ಬೆಳಗುತ್ತಿತ್ತು. ಅವನು ಮತ್ತೆ ಕೇಳುವ ಮೊದಲೇ ಗುರುಗಳು ಅದಕ್ಕೂ ಉತ್ತರ ಹೇಳಿದರು. ನಾನು ಹೇಳುವುದು ದೊಡ್ಡ ದುರ್ಬೀನು ಇಟ್ಟುಕೊಂಡು ನೋಡುವವರ ಮಾತು, ಹಿಂದೆ ಮಠಕ್ಕೆ ಬಂದಿದ್ದ ಒಬ್ಬ ಮೇಷ್ಟರು ತಿಳಿಸಿದ್ದು ಎಂದರು. ಆ ಚುಕ್ಕಿ ನಮ್ಮ ಸೂರ್ಯನಿಗಿಂತ ಎಷ್ಟೋ ಪಾಲು ಬಿಸಿ. ಬುಗುರಿಯ ಹಾಗೆ, ತಾಳಲಾರದ ರಭಸದಲ್ಲಿ ತನ್ನ ಸುತ್ತ ತಾನೇ ತಿರುಗುತ್ತದೆ. ಆ ರಭಸಕ್ಕೆ ಅದರ ನಡು ಉಬ್ಬಿಕೊಂಡು, ಮೈಯೇ ಕಿತ್ತು ಹೊರಗೆ ಹಾರುತ್ತದೆ. ಹಾರಿದ್ದು ಅದರ ಸುತ್ತ ಬಳೆಯಾಗಿ ನಿಂತು ಉರಿಯುತ್ತದೆ. ಕಳೆದುಕೊಂಡದ್ದು ಹೆಚ್ಚಾದ ವರ್ಷ ಬೆಳಕು ಹೆಚ್ಚು. ಆ ಬಳೆ ಚದುರಿಹೋದ ಮೇಲೆ ಮತ್ತೆ ಮಂಕು. ಕೆಳಗೆ ನಿಂತವರಿಗೆ ಬೆಳಕು ಒಂದೇ ಕಾಣುತ್ತದೆ, ಅವರ ತಪ್ಪೂ ಅಲ್ಲ ಎಂದರು.

ಇಷ್ಟು ಹೇಳುವಷ್ಟರಲ್ಲಿ ಮತ್ತೆ ಕೆಮ್ಮು ಬಂತು. ಈ ಸಲ ಬಹಳ ಹೊತ್ತು ನಿಲ್ಲಲಿಲ್ಲ. ಕರಿಬಸವ ಎದ್ದು ಬೆನ್ನು ನೀವಿದ. ಕಂಬಳಿಯ ಮೇಲಿನಿಂದಲೇ ಮೈ ಸುಡುತ್ತಿರುವುದು ಕೈಗೆ ತಿಳಿಯಿತು. ಎಷ್ಟು ದಿನದಿಂದ ಇಷ್ಟೊಂದು ಸುಡುತ್ತಿದೆಯೋ ಎಂದುಕೊಂಡ. ಕೆಮ್ಮು ನಿಂತ ಮೇಲೆ ಗುರುಗಳು ಅವನ ಕಡೆ ತಿರುಗಿ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಮಗನನ್ನು ನೋಡುವ ಹಾಗೆ ನೋಡಿದರು.

"ನಾಳೆ ಯಾವ ಊರು, ಮರಿ?" ಎಂದು ಕೇಳಿದರು.

ಕರಿಬಸವನಿಗೆ ಊರಿನ ಹೆಸರು ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.